ತುತ್ತು ಇಳಿಯದಾಗ

ನುಂಗಲು ತೊಂದರೆ ಇಲ್ಲದವರು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಬಾಯಲ್ಲಿ ಏನೂ ಇಟ್ಟುಕೊಳ್ಳದೆ, ನಡುವೆ ಬಿಡುವು ಕೊಡದೆ, ಐದು ಸಲ ಎಂಜಲು ನುಂಗಿ. ಮೊದಲ ಸಲ ಸಲೀಸು. ಎರಡನೆಯದೂ ಹೇಗೋ ಆಗುತ್ತದೆ. ಮೂರನೆಯದೋ ನಾಲ್ಕನೆಯದೋ ಹೊತ್ತಿಗೆ ಗಂಟಲು ಹಟ ಹಿಡಿಯುತ್ತದೆ, ಐದನೆಯದಕ್ಕೆ ಒಳಗೆ ಏನೋ ಅಡ್ಡ ನಿಂತಂತೆ ಅನಿಸುತ್ತದೆ. ಗಾಬರಿ ಬೇಡ, ಕಾಯಿಲೆಯೇನೂ ಬಂದಿಲ್ಲ. ಬಾಯಲ್ಲಿದ್ದ ಎಂಜಲು ಮುಗಿದಿದೆ, ಅಷ್ಟೇ. ಒಳಗೆ ತಳ್ಳಲು ಏನಾದರೂ ಇದ್ದರೆ ಮಾತ್ರ ಗಂಟಲು ಸರಾಗವಾಗಿ ಕೆಲಸ ಮಾಡುತ್ತದೆ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಹೆದರಿದ ಮನುಷ್ಯ ದಿನವಿಡೀ ಮಾಡುವುದು ಇದನ್ನೇ. ಇದೆಯೋ ಹೋಯಿತೋ ಎಂದು ನೋಡಲು ನುಂಗುತ್ತಾನೆ, ಒಣಗಿದ ಗಂಟಲು ಇನ್ನಷ್ಟು ಬಿಗಿಯುತ್ತದೆ, ಬಿಗಿದದ್ದಕ್ಕೆ ಭಯ ಹೆಚ್ಚುತ್ತದೆ, ಮತ್ತೆ ನುಂಗುತ್ತಾನೆ. ದಿನನಿತ್ಯದ ಒತ್ತಡಕ್ಕೂ ನುಂಗುವ ತೊಂದರೆಗೂ ಇರುವ ನಂಟು ಇಷ್ಟು ಹತ್ತಿರದ್ದು. ಆದರೆ ಈ ನಂಟನ್ನು ನಮ್ಮ ಮನೆಗಳು ಬಹಳ ಸಲ ತಪ್ಪಾಗಿ ಬಳಸುತ್ತವೆ. ನಿಜವಾದ ಕಾಯಿಲೆ ಇದ್ದವರಿಗೆ ‘ಎಲ್ಲ ಟೆನ್ಷನ್ನು, ಸುಮ್ಮನಿರು’ ಅನ್ನುತ್ತೇವೆ. ಪಾರ್ಶ್ವವಾಯುವಿನಿಂದ ಗಂಟಲು ಸೋತವರಿಗೆ ಔಷಧಿ, ಗಂಜಿ ಎಲ್ಲ ಕೊಡುತ್ತೇವೆ, ಅವರ ಭಯವನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ನರಳುವುದು ಒಂದೇ ಜಾಗದಲ್ಲಿ, ಊಟಕ್ಕೆ ಕೂತಾಗ.

ನುಂಗುವುದು ನೋಡಲು ಎಷ್ಟು ಸುಲಭವೋ ಒಳಗೆ ಅಷ್ಟೇ ತೊಡಕಿನ ಕೆಲಸ. ಗಂಟಲಿನ ಹಿಂಭಾಗದಲ್ಲಿ ಗಾಳಿಯ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಹಾದು ಹೋಗುತ್ತವೆ. ತುತ್ತು ಅಲ್ಲಿಗೆ ತಲುಪಿದ ಕೂಡಲೇ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು. ಧ್ವನಿಪೆಟ್ಟಿಗೆ ಮೇಲಕ್ಕೆ, ಮುಂದಕ್ಕೆ ಜಾರಬೇಕು. ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಂಡು, ಶ್ವಾಸನಾಳದ ಬಾಯಿಗೆ ಮುಚ್ಚಳ ಬಾಗಬೇಕು. ಉಸಿರು ಅಷ್ಟು ಹೊತ್ತು ನಿಲ್ಲಬೇಕು. ಅದೇ ಗಳಿಗೆಯಲ್ಲಿ ಅನ್ನನಾಳದ ಮೇಲ್ಬಾಗಿಲಿನ ಸ್ನಾಯು ಸಡಿಲವಾಗಿ ತೆರೆದುಕೊಳ್ಳಬೇಕು. ಇಷ್ಟೂ ನಡೆಯುವುದು ಸುಮಾರು ಒಂದು ಸೆಕೆಂಡಿನಲ್ಲಿ. ಆಮೇಲೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ದಾಟಿ ಹೊಟ್ಟೆ ಸೇರಲು ತುತ್ತಿಗೆ ಎಂಟು ಹತ್ತು ಸೆಕೆಂಡು ಬೇಕು. ಮೆದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಲ್ಲಿ ಐದಾರು ಜೋಡಿ ಇದಕ್ಕಾಗಿ ದುಡಿಯುತ್ತವೆ. ನಾವು ದಿನಕ್ಕೆ 500ಕ್ಕೂ ಹೆಚ್ಚು ಸಲ ನುಂಗುತ್ತೇವೆ, ಒಂದನ್ನೂ ಗಮನಿಸುವುದಿಲ್ಲ. ಗಮನಿಸತೊಡಗಿದ ದಿನ ತೊಂದರೆ ಶುರು.

ಹೆದರಿದಾಗ, ಸಿಟ್ಟು ಬಂದಾಗ, ಸಾಲದ ಕಂತಿನ ದಿನ ಹತ್ತಿರ ಬಂದಾಗ ದೇಹ ಊಟಕ್ಕೆ ಸಿದ್ಧವಾಗಿರುವುದಿಲ್ಲ. ಓಡಲೋ ಕಾದಾಡಲೋ ಸಿದ್ಧವಾಗಿರುತ್ತದೆ. ಎಂಜಲು ಕಡಿಮೆಯಾಗಿ ಅಂಟಂಟಾಗುತ್ತದೆ, ಕುತ್ತಿಗೆ ಭುಜಗಳ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಅನ್ನನಾಳದ ಮೇಲ್ಬಾಗಿಲಿನ ಬಿಗಿತ ಏರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಇದರ ಜೊತೆಗೆ ಹುಳಿತೇಗಿನ ಕಾಟವಿದ್ದರೆ, ಮೊದಲು ತಿಳಿಯದೇ ಹೋಗುತ್ತಿದ್ದ ಉರಿಯೂ ಈಗ ಜೋರಾಗಿ ತಿಳಿಯುತ್ತದೆ. ಒತ್ತಡ ಆಮ್ಲವನ್ನು ಹೆಚ್ಚಿಸದಿದ್ದರೂ ಅದರ ಅರಿವನ್ನಂತೂ ಹೆಚ್ಚಿಸುತ್ತದೆ. ಬೆಳಗ್ಗೆ ಬಸ್ಸಿನ ಹೊತ್ತಿಗೆ ಮೂರು ಇಡ್ಲಿಯನ್ನು ನಿಂತುಕೊಂಡೇ ಒಳಗೆ ತಳ್ಳಿ, ಮೇಲೆ ಬಿಸಿ ಕಾಫಿ ಸುರಿದುಕೊಂಡು ಓಡುವವರಿಗೆ ಇದರ ರುಚಿ ಗೊತ್ತಿರುತ್ತದೆ.

ಗಂಟಲಲ್ಲಿ ಉಂಡೆ ನಿಂತಂತಹ ಈ ಅನುಭವ ಹೊಸದಲ್ಲ. ಗ್ರೀಸಿನ ಹಿಪಾಕ್ರಟಿಸ್‌ನ ಕಾಲದಿಂದಲೂ ವೈದ್ಯರು ಇದನ್ನು ಬಲ್ಲರು. ಹೆಂಗಸರ ಉನ್ಮಾದದ ಲಕ್ಷಣ ಇದು ಎಂದು ಪಶ್ಚಿಮದ ವೈದ್ಯಶಾಸ್ತ್ರ ಶತಮಾನಗಳ ಕಾಲ ನಂಬಿತ್ತು, ಆ ಅರ್ಥದ ಹೆಸರನ್ನೇ ಇಟ್ಟಿತ್ತು. 1707ರಲ್ಲಿ ಇಂಗ್ಲೆಂಡಿನ ಜಾನ್ ಪರ್ಸೆಲ್ ಇದನ್ನು ವಿವರವಾಗಿ ಬರೆದ. 1968ರಲ್ಲಿ ಮಾಲ್ಕಮ್‌ಸನ್ ಎಂಬ ಗಂಟಲು ತಜ್ಞರು, ತಮ್ಮಲ್ಲಿಗೆ ಬರುವ ಹೆಚ್ಚಿನವರಲ್ಲಿ ಉನ್ಮಾದದ ಗುಣವೇನೂ ಇಲ್ಲ, ಆ ಹೆಸರು ತಪ್ಪು ಎಂದು ಹೇಳಿ ‘ಗ್ಲೋಬಸ್ ಫ್ಯಾರಿಂಜಿಯಸ್’ ಎಂಬ ಹೆಸರು ಕೊಟ್ಟರು. ಗಂಟಲಿನ ಉಂಡೆ ಎಂದಷ್ಟೇ ಅದರ ಅರ್ಥ. ಹೆಸರಿನೊಳಗೆ ರೋಗಿಯ ಮೇಲಿನ ಆರೋಪ ಇರಬಾರದು ಎಂಬ ಆ ನಿಲುವು ನನಗೆ ಬಹಳ ಮುಖ್ಯವೆನಿಸುತ್ತದೆ.

ಗ್ಲೋಬಸ್‌ನ ಗುರುತು ಸುಲಭ. ಊಟ ಮಾಡುವಾಗ ಉಂಡೆ ಮಾಯ! ಅನ್ನ, ನೀರು ಸಲೀಸಾಗಿ ಇಳಿಯುತ್ತವೆ. ಕೈ ತೊಳೆದು ಬಂದು ಸುಮ್ಮನೆ ಕೂತರೆ ಮತ್ತೆ ಹಾಜರು. ನೋವಿಲ್ಲ, ತೂಕ ಇಳಿಯುವುದಿಲ್ಲ. ಊಟದ ಹೊತ್ತಿನಲ್ಲೇ ತೊಂದರೆ ಆಗುತ್ತಿದ್ದರೆ, ತುತ್ತು ನಿಲ್ಲುತ್ತಿದ್ದರೆ, ಅದು ಬೇರೆ ಕಥೆ. ಅದಕ್ಕೆ ಪರೀಕ್ಷೆ ಆಗಲೇಬೇಕು.

ಇಲ್ಲಿಯೇ ‘ಟೆನ್ಷನ್’ ಎಂಬ ಹಣೆಪಟ್ಟಿಯ ಅಪಾಯ ಇರುವುದು. ನಡುವಯಸ್ಸಿನ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ವರ್ಷಗಳಿಂದ ರಕ್ತ ಕಡಿಮೆ, ಮುಖ ಬಿಳಚಿಕೊಂಡಿದೆ, ನಾಲಿಗೆ ನುಣುಪಾಗಿ ಉರಿಯುತ್ತದೆ, ಬಾಯಿಯ ಅಂಚು ಒಡೆದಿದೆ. ಚಪಾತಿ ಗಂಟಲಲ್ಲಿ ನಿಲ್ಲುತ್ತದೆ ಎನ್ನುತ್ತಾಳೆ. ಮನೆಯವರು ಯೋಚನೆ ಜಾಸ್ತಿ ಮಾಡುತ್ತಾಳೆ ಎನ್ನುತ್ತಾರೆ, ಕೊನೆಗೆ ಅವಳೂ ಅದನ್ನೇ ನಂಬುತ್ತಾಳೆ. ಆದರೆ ಕಬ್ಬಿಣದ ಅಂಶದ ದೀರ್ಘ ಕೊರತೆಯಿಂದ ಅನ್ನನಾಳದ ಮೇಲ್ತುದಿಯಲ್ಲಿ ತೆಳುವಾದ ಪೊರೆಯಂತಹ ಅಡ್ಡಿ ಬೆಳೆಯುವ ಒಂದು ಕಾಯಿಲೆಯೇ ಇದೆ. ಪ್ಲಮರ್ ವಿನ್ಸನ್ ಎಂದು ಕರೆಯುತ್ತಾರೆ. ಕಬ್ಬಿಣದ ಮಾತ್ರೆಯಿಂದಲೇ ಎಷ್ಟೋ ಜನರಿಗೆ ವಾಸಿಯಾಗುತ್ತದೆ, ಕೆಲವರಿಗೆ ಅಡ್ಡಿಯನ್ನು ಹಿಗ್ಗಿಸಬೇಕಾಗುತ್ತದೆ. ಕಡೆಗಣಿಸಿದರೆ ಮುಂದೆ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚು. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸರು ಇರುವ ನಾಡಿನಲ್ಲಿ, ಅವಳ ಗಂಟಲಿನ ದೂರನ್ನು ಮನಸ್ಸಿನ ಮೇಲೆ ಹಾಕುವ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡುವುದು ಕನಿಷ್ಠ ಕರ್ತವ್ಯ.

ಇನ್ನೊಂದು ಕಾಯಿಲೆ ಅಕಲೇಸಿಯಾ. ಅನ್ನನಾಳದ ಕೆಳಬಾಗಿಲು ತೆರೆಯಬೇಕಾದಾಗ ತೆರೆಯುವುದಿಲ್ಲ. ಘನವೂ ದ್ರವವೂ ಎರಡೂ ನಿಲ್ಲುತ್ತವೆ, ರಾತ್ರಿ ಮಲಗಿದರೆ ಉಂಡದ್ದು ಬಾಯಿಗೆ ಬರುತ್ತದೆ. ಗ್ಯಾಸ್ಟ್ರಿಕ್ ಎಂದೋ ಟೆನ್ಷನ್ ಎಂದೋ ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆ ಇದು ಪತ್ತೆಯಾಗುವುದುಂಟು.

ಏನು ನುಂಗಲು ಕಷ್ಟ ಎಂಬ ಒಂದು ಪ್ರಶ್ನೆಯೇ ವೈದ್ಯರಿಗೆ ಅರ್ಧ ದಾರಿ ತೋರಿಸುತ್ತದೆ. ಮೊದಲು ಚಪಾತಿ, ಮಾಂಸದ ತುಂಡು, ಆಮೇಲೆ ಮೆತ್ತಗಿನ ಅನ್ನ, ಕೊನೆಗೆ ನೀರು ಹೀಗೆ ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋದರೆ ದಾರಿ ಕಿರಿದಾಗುತ್ತಿದೆ ಎಂದರ್ಥ. ಗಡ್ಡೆಯ ಅನುಮಾನ ಮೊದಲು ಪರಿಹಾರವಾಗಬೇಕು. ಗಟ್ಟಿ ಪದಾರ್ಥ ಹೇಗೋ ಇಳಿಯುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ ಎಂದರೆ ಸಾಮಾನ್ಯವಾಗಿ ನರ, ಸ್ನಾಯುಗಳ ತೊಂದರೆ. ನುಂಗುವಾಗ ನೋವು, ಕಾರಣವಿಲ್ಲದೆ ತೂಕ ಇಳಿಕೆ, ವಾಸಿಯಾಗದ ಗೊಗ್ಗರು ದನಿ, ಕುತ್ತಿಗೆಯಲ್ಲಿ ಗಂಟು, ಒಂದೇ ಕಡೆ ಕಿವಿನೋವು, ವಾಂತಿಯಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರೂ ತಡ ಮಾಡಬಾರದು. ಎಲೆಯಡಿಕೆ, ಗುಟ್ಕಾ, ಬೀಡಿಯ ಚಟವಿದ್ದವರಂತೂ ಒಂದು ವಾರವೂ ಮುಂದೂಡಬಾರದು. ಅಡಿಕೆ ಅಗಿಯುವವರಿಗೆ ಬಾಯಿಯ ಒಳಪದರ ಬಿಗಿದುಕೊಂಡು ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯದಂತಾಗುವುದನ್ನು ಅಡಿಕೆ ಬೆಳೆಯುವ ನಮ್ಮ ಜಿಲ್ಲೆಗಳ ದಂತವೈದ್ಯರು ದಿನಾ ನೋಡುತ್ತಾರೆ. ಖಾರ ತಾಳದು, ತುತ್ತು ಒಳಗೆ ಹೋಗದು.

ಈಗ ಪಾರ್ಶ್ವವಾಯುವಿನ ಕಡೆ ಬರೋಣ. ನನ್ನ ಅನುಭವದಲ್ಲಿ ಮನೆಮಂದಿ ಅತಿ ಹೆಚ್ಚು ಎಡವುವುದು ಇಲ್ಲಿ. ಸ್ಟ್ರೋಕ್ ಆದವರಲ್ಲಿ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವುದು ಕಷ್ಟವಾಗುತ್ತದೆ. ಬಹುಪಾಲು ಜನ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಅಷ್ಟರೊಳಗೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಹೋದಾಗ ಕೆಮ್ಮು ಬಂದರೆ ಪುಣ್ಯ, ಅದು ರಕ್ಷಣೆ. ಕೆಲವರಿಗೆ ಗಂಟಲಿನ ಸ್ಪರ್ಶವೇ ಹೋಗಿರುತ್ತದೆ, ಕೆಮ್ಮೇ ಬರುವುದಿಲ್ಲ. ಸದ್ದಿಲ್ಲದೆ ಇಳಿಯುತ್ತದೆ. ಆಸ್ಪತ್ರೆಗೆ ನೋಡಲು ಬಂದ ನೆಂಟರು ಪ್ರೀತಿಯಿಂದ ತಂದ ಎಳನೀರನ್ನು ಮಲಗಿದ್ದವರ ಬಾಯಿಗೇ ಚಮಚದಲ್ಲಿ ಬಿಡುತ್ತಾರೆ. ಮೂಗಿನಲ್ಲಿ ಆಹಾರದ ನಳಿಕೆ (ರೈಲ್ಸ್ ಟ್ಯೂಬ್) ಇದ್ದರೂ ‘ಒಂದು ಗುಟುಕು ಕಾಫಿ ಏನು ಮಾಡುತ್ತದೆ’ ಎನ್ನುತ್ತಾರೆ. ತೆಳ್ಳಗಿನ ದ್ರವ, ಮಲಗಿದ ಭಂಗಿ, ಸೋತ ಗಂಟಲು ಈ ಮೂರೂ ಸೇರಿದ ಆ ಗುಟುಕು ಎಲ್ಲಕ್ಕಿಂತ ಅಪಾಯಕಾರಿ.

ನನ್ನ ಸೋದರಮಾವನಿಗೆ ಸ್ಟ್ರೋಕ್ ಆದ ಮೇಲೆ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ‘ಮೆತ್ತಗಿನ ಆಹಾರ’ ಎಂದು ಎರಡು ಪದ ಬರೆದಿದ್ದರು. ಮೆತ್ತಗೆ ಎಂದರೆ ನಮ್ಮ ಮನೆಯಲ್ಲಿ ಸಾರು ಅನ್ನ. ಅತ್ತೆ ಅನ್ನವನ್ನು ಬೇಯಿಸಿ ಬೇಯಿಸಿ, ತಿಳಿಸಾರು ಧಾರಾಳವಾಗಿ ಹಾಕಿ ಕೊಟ್ಟರು. ಪ್ರತಿ ತುತ್ತಿಗೂ ಕೆಮ್ಮು, ಕಣ್ಣಲ್ಲಿ ನೀರು. ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದಾಗ ಆಕೆ ಮನೆಯ ಊಟವನ್ನೇ ಡಬ್ಬಿಯಲ್ಲಿ ತರಲು ಹೇಳಿದರು. ಎದುರಿಗೆ ಕೂರಿಸಿ ತಿನ್ನಿಸಿ ನೋಡಿದರು. ತಿಳಿಸಾರು ಅನ್ನದಲ್ಲಿ ಎರಡು ಗುಣದ ಪದಾರ್ಥ ಒಟ್ಟಿಗೆ ಇವೆ. ಅನ್ನದ ಅಗುಳನ್ನು ಬಾಯಿ ಇನ್ನೂ ಕಲೆಹಾಕುತ್ತಿರುವಾಗಲೇ ಸಾರು ಹಿಂದಕ್ಕೆ ಹರಿದು, ತೆರೆದೇ ಇರುವ ಶ್ವಾಸನಾಳಕ್ಕೆ ಇಳಿಯುತ್ತದೆ. ಆರೋಗ್ಯವಂತರಿಗೆ ಲೆಕ್ಕಕ್ಕಿಲ್ಲದ ಈ ಊಟ ಸೋತ ಗಂಟಲಿಗೆ ಅತಿ ಕಠಿಣವಾದದ್ದು. ಅದರ ಬದಲು ಅನ್ನವನ್ನು ಗಟ್ಟಿ ಬೇಳೆಯ ಜೊತೆ ನುಣ್ಣಗೆ ಕಿವುಚಿ, ತುಪ್ಪ ಹಾಕಿ, ಚಮಚದಲ್ಲಿ ಎತ್ತಿದರೆ ಆಕಾರ ಕೆಡದೆ ನಿಲ್ಲುವಂತೆ ಮಾಡಿ ಕೊಟ್ಟಾಗ ಕೆಮ್ಮು ನಿಂತಿತು. ನಾನು ಕಣ್ಣಾರೆ ಕಂಡೆ.

ಕರ್ನಾಟಕದ ಅಡುಗೆಯನ್ನು ಈ ಕಣ್ಣಿನಿಂದ ನೋಡುವುದನ್ನು ಪ್ರತಿ ಮನೆಯೂ ಕಲಿಯಬೇಕು. ಚಿತ್ರಾನ್ನ, ಒಗ್ಗರಣೆ ಅವಲಕ್ಕಿ ಉದುರುದುರು, ನಡುವೆ ಕಡಲೆಬೀಜ, ಸಾಸಿವೆ. ಬಾಯಲ್ಲಿ ಒಟ್ಟಾಗದೆ ಚದುರಿ ಗಂಟಲಿನ ಮೂಲೆಗಳಲ್ಲಿ ಉಳಿಯುತ್ತವೆ. ಒಣ ಇಡ್ಲಿ ಪುಡಿಯಾಗುತ್ತದೆ, ಅದನ್ನೇ ದಪ್ಪ ಸಾಂಬಾರಿನಲ್ಲಿ ಪೂರ್ತಿ ನೆನೆಸಿ ಕಿವುಚಿದರೆ ಎಷ್ಟೋ ವಾಸಿ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ, ಜೊತೆಗೆ ಅದು ಅಂಟುತ್ತದೆ. ಸೋತ ಗಂಟಲಿಗೆ ದೊಡ್ಡ ತುತ್ತು ಮುದ್ದೆ ಅಪಾಯ. ಮುದ್ದೆ ಬಿಡಬೇಕೆಂದಾಗ ಮಾವ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ‘ನಾನೇನು ಎಳೆ ಮಗುವಾ, ರಾಗಿ ಸರಿ ಕುಡಿಸ್ತೀರಾ?’ ಎಂದು ಅತ್ತೆಯ ಮೇಲೆ ರೇಗಿದರು. ಹುಟ್ಟಿದಾಗಿನಿಂದ ಉಂಡ ಊಟ ತಟ್ಟೆಯಿಂದ ಹೋಗುವ ದುಃಖವನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಮಾಡುವ ದಾರಿ ಇಷ್ಟೇ. ಅದೇ ರಾಗಿಯ ದಪ್ಪ ಗಂಜಿ, ಅದೇ ಬಸ್ಸಾರಿನ ರುಚಿ ನುಣ್ಣಗೆ ರುಬ್ಬಿದ ರೂಪದಲ್ಲಿ. ರುಚಿ ಹಳೆಯದಾಗಿದ್ದರೆ ರೂಪ ಬದಲಾದದ್ದನ್ನು ನಾಲಿಗೆ ನಿಧಾನವಾಗಿ ಕ್ಷಮಿಸುತ್ತದೆ.

ರಾಗಿ ಗಂಜಿಯಲ್ಲೂ ಎರಡು ಸೂಕ್ಷ್ಮಗಳಿವೆ. ಬಿಸಿಯಾಗಿದ್ದಾಗ ತೆಳ್ಳಗಿರುವುದು ಆರಿದ ಮೇಲೆ ಗಟ್ಟಿಯಾಗುತ್ತದೆ, ಆದ್ದರಿಂದ ಹದ ನೋಡಬೇಕಾದದ್ದು ಒಲೆಯ ಮೇಲಲ್ಲ, ಕುಡಿಸುವ ಹೊತ್ತಿಗೆ. ಇನ್ನೊಂದು, ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಗುಣವಿದೆ. ಬಾಯಿಗೆ ಹೋದ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದುತ್ತಿದ್ದರೆ ಊಟದ ಕೊನೆಗೆ ಗಂಜಿ ನೀರಾಗಿರುತ್ತದೆ. ಚಿಕ್ಕ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಡಿಸಿಕೊಳ್ಳುವುದು ಇದಕ್ಕೆ ಪರಿಹಾರ.

ದಪ್ಪ ಎಂದರೆ ಎಷ್ಟು ದಪ್ಪ ಎಂಬುದಕ್ಕೆ ಈಗ ಜಗತ್ತಿನಾದ್ಯಂತ ಒಪ್ಪಿದ ಅಳತೆ ಇದೆ. ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ತಂಡ ನೀರಿಗೆ 0, ಮಾಮೂಲಿ ಊಟಕ್ಕೆ 7 ಎಂದು ಎಂಟು ಹಂತಗಳನ್ನು ಮಾಡಿದೆ. ದ್ರವವನ್ನು ಅಳೆಯಲು ಬೇಕಾದದ್ದು ಸೂಜಿಯಿಲ್ಲದ 10 ಮಿಲಿಲೀಟರಿನ ಒಂದು ಸಿರಿಂಜ್. ಕೆಳತುದಿಯನ್ನು ಬೆರಳಿಂದ ಮುಚ್ಚಿ, 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು, ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಬೇಕು. ನೀರಾದರೆ ಪೂರ್ತಿ ಖಾಲಿ. 1ರಿಂದ 4 ಮಿಲಿಲೀಟರ್ ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಹೆಚ್ಚು ಉಳಿದರೆ ಹಂತ 3. ಸಿರಿಂಜಿನ ಉದ್ದ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, 10 ಮಿಲಿಲೀಟರಿನ ಗೆರೆಗಳ ಉದ್ದ 61.5 ಮಿಲಿಮೀಟರ್ ಇರುವುದನ್ನೇ ಬಳಸಬೇಕು. ಯಾರಿಗೆ ಯಾವ ಹಂತ ಎಂದು ಹೇಳಬೇಕಾದವರು ಮಾತ್ರ ತಜ್ಞರು. ಎಲ್ಲವನ್ನೂ ದಪ್ಪ ಮಾಡಿಬಿಟ್ಟರೆ ಸುರಕ್ಷಿತ ಎಂದು ತಿಳಿಯಬಾರದು. ದಪ್ಪ ನೀರು ಯಾರಿಗೂ ರುಚಿಸುವುದಿಲ್ಲ, ಕುಡಿಯುವುದೇ ಕಡಿಮೆಯಾಗಿ ದೇಹ ಒಣಗುತ್ತದೆ.

ನಮ್ಮಲ್ಲಿ ಚೊಂಬನ್ನು ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಚೆಲ್ಲಿ, ಎತ್ತಿ ಕುಡಿಯುವ ರೂಢಿ ಇದೆ. ಮಡಿವಂತಿಕೆಗೆ ಇರಲಿ, ಶುಚಿತ್ವಕ್ಕೆ ಇರಲಿ, ನುಂಗುವ ತೊಂದರೆ ಇರುವವರಿಗೆ ಇದು ಕೂಡದು. ತಲೆ ಹಿಂದಕ್ಕೆ ಹೋದಷ್ಟೂ ಶ್ವಾಸನಾಳದ ಬಾಯಿ ತೆರೆದುಕೊಳ್ಳುತ್ತದೆ, ನೀರು ತಡೆಯಿಲ್ಲದೆ ಧುಮುಕುತ್ತದೆ. ನೆಟ್ಟಗೆ ಕೂತು, ಕೆಲವರಿಗೆ ಗಲ್ಲವನ್ನು ಸ್ವಲ್ಪ ಎದೆಯ ಕಡೆ ಬಾಗಿಸಿ, ಅಗಲ ಬಾಯಿಯ ಲೋಟದಿಂದ ಗುಟುಕು ಗುಟುಕಾಗಿ ಕುಡಿಯಬೇಕು. ಲೋಟದ ಬಾಯಿ ಕಿರಿದಾಗಿದ್ದರೆ ಅಂಚು ಮೂಗಿಗೆ ತಾಗಿ, ಕೊನೆಯ ಗುಟುಕಿಗೆ ತಲೆ ಎತ್ತಲೇಬೇಕಾಗುತ್ತದೆ. ಊಟವಾದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ.

ಮಾತ್ರೆಗಳದ್ದು ಮತ್ತೊಂದು ಗೋಳು. ನುಂಗಲಾಗದ ಮಾತ್ರೆಯನ್ನು ಕುಟ್ಟಿ ಬಾಳೆಹಣ್ಣಿನಲ್ಲಿ ಕಲಸುವುದು ನಮ್ಮ ಮನೆಗಳ ಜಾಣತನ. ಕೆಲವು ಮಾತ್ರೆಗಳಿಗೆ ಇದು ಸರಿ, ಕೆಲವಕ್ಕೆ ದೊಡ್ಡ ತಪ್ಪು. ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಔಷಧಿ ಅಂಗಡಿಯವರನ್ನೇ ಕೇಳಬಹುದು, ಸಿರಪ್ ರೂಪದಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಬಹುದು. ಪಾರ್ಕಿನ್ಸನ್ ಇರುವವರಿಗೆ ಮಾತ್ರೆಯ ಹೊತ್ತೇ ನುಂಗುವ ಶಕ್ತಿಯ ಹೊತ್ತು. ಔಷಧಿ ಕೈಹಿಡಿದಿರುವ ಸಮಯಕ್ಕೆ ಊಟವನ್ನು ಹೊಂದಿಸಿದರೆ ಅದೇ ತುತ್ತು ಸುಲಭವಾಗುತ್ತದೆ. ಆ ಹೊಂದಾಣಿಕೆಯನ್ನು ನರರೋಗ ತಜ್ಞರನ್ನು ಕೇಳಿಯೇ ಮಾಡಬೇಕು.

ಇಷ್ಟೆಲ್ಲ ಸರಿಯಾದ ಮೇಲೂ ಭಯ ಉಳಿಯುತ್ತದೆ. ಒಮ್ಮೆ ಉಸಿರುಗಟ್ಟುವಂತೆ ತುತ್ತು ಸಿಕ್ಕಿಕೊಂಡವರು ಅದನ್ನು ಮರೆಯುವುದಿಲ್ಲ. ಕೆಲವರಿಗೆ ಗಂಟಲು ಪೂರ್ತಿ ಸರಿ ಇದ್ದರೂ ನುಂಗುವುದೆಂದರೇ ದಿಗಿಲು. ಮೊದಲು ಮಾಂಸ ಬಿಡುತ್ತಾರೆ, ಆಮೇಲೆ ಚಪಾತಿ, ಆಮೇಲೆ ಅನ್ನ, ಕೊನೆಗೆ ಹಾಲು ಗಂಜಿಯಲ್ಲೇ ದಿನ ತಳ್ಳುತ್ತಾರೆ. ಮಕ್ಕಳಲ್ಲೂ ಇದನ್ನು ಕಾಣಬಹುದು. ಅದನ್ನು ಹಟ ಎಂದು ಗದರಿದರೆ ಗಂಟಲು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಮನಃಶಾಸ್ತ್ರಜ್ಞರ ನೆರವಿನಿಂದ, ಬಿಟ್ಟ ಪದಾರ್ಥಗಳನ್ನು ಸುಲಭದ್ದರಿಂದ ಒಂದೊಂದಾಗಿ ಮತ್ತೆ ತಟ್ಟೆಗೆ ತರುವ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಮದುವೆ ಮನೆಯ ಪಂಕ್ತಿಯನ್ನು ನೋಡಿ. ಎಲೆಗೆ ಪಲ್ಯ ಬೀಳುವ ಮೊದಲೇ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಅನ್ನ ಸಾರು ಮುಗಿಯುವಷ್ಟರಲ್ಲಿ ಪಾಯಸ, ಪಾಯಸದ ಮೇಲೆ ಹೋಳಿಗೆ, ಅದರ ಹಿಂದೆಯೇ ಮೊಸರು. ಅಕ್ಕಪಕ್ಕದವರೆಲ್ಲ ಎದ್ದ ಮೇಲೆ ಒಬ್ಬರೇ ಕೂತು ಅಗಿಯುತ್ತಿರುವವರ ಕೊರಳಿನಲ್ಲಿ ಏನು ನಡೆಯುತ್ತಿರಬಹುದು? ನುಂಗುವ ತೊಂದರೆ ಇರುವ ಎಷ್ಟೋ ಜನ ಮೊದಲು ಮದುವೆ ಊಟ ಬಿಡುತ್ತಾರೆ, ಆಮೇಲೆ ನೆಂಟರ ಮನೆ, ಆಮೇಲೆ ಸ್ವಂತ ಮನೆಯವರ ಜೊತೆ ಕೂರುವುದನ್ನೂ ಬಿಟ್ಟು ಒಳಗಿನ ಕೋಣೆಯಲ್ಲಿ ಒಬ್ಬರೇ ಉಣ್ಣುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಸಂಕಟ ಕಾಣುವುದಿಲ್ಲ. ಒಬ್ಬರೇ ಉಣ್ಣುವಾಗ ಸಿಕ್ಕಿಕೊಂಡರೆ ನೋಡುವವರೂ ಇರುವುದಿಲ್ಲ. ಕರೆಯುವವರು ಮನಸ್ಸು ಮಾಡಿದರೆ ದೊಡ್ಡದೇನೂ ಬೇಕಿಲ್ಲ. ಪಂಕ್ತಿ ಶುರುವಾಗುವ ಮೊದಲೇ ಒಂದು ಮೂಲೆಯಲ್ಲಿ ಅವರನ್ನು ಕೂರಿಸಿ, ಜೊತೆಗೆ ಒಬ್ಬರು ಕೂತು, ಅವರಷ್ಟೇ ನಿಧಾನವಾಗಿ ಉಂಡರೆ ಸಾಕು.

ಮನೆಯಲ್ಲೂ ಹಾಗೇ. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಬಾರದು. ಉತ್ತರಿಸಲು ಹೋದರೆ ಮುಚ್ಚಬೇಕಾದ ದಾರಿ ತೆರೆಯುತ್ತದೆ. ಟಿವಿ, ಮೊಬೈಲು ದೂರ. ಪ್ರತಿ ತುತ್ತನ್ನೂ ದಿಟ್ಟಿಸಿ ನೋಡುತ್ತಾ ‘ಇಳಿಯಿತಾ, ಇಳಿಯಿತಾ’ ಎನ್ನಬಾರದು. ‘ಇನ್ನೂ ಮುಗಿದಿಲ್ಲವಾ’ ಎಂಬ ಮಾತಂತೂ ಯಾರ ಬಾಯಿಂದಲೂ ಬರಬಾರದು. ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟ ಮಾಡಿಸಿದರೆ ಗಂಟಲಿನ ದಣಿವೂ ಕಡಿಮೆ, ಮುಗಿಸಲೇಬೇಕೆಂಬ ಒತ್ತಡವೂ ಕಡಿಮೆ.

ಊಟಕ್ಕೆ ಐದು ನಿಮಿಷ ಮೊದಲು ಸುಮ್ಮನೆ ಕೂರುವುದರಿಂದ ನಿಜಕ್ಕೂ ಉಪಯೋಗವಿದೆ. ಭುಜಗಳನ್ನು ಕಿವಿಯವರೆಗೆ ಏರಿಸಿ ಒಮ್ಮೆಲೇ ಕೆಳಗೆ ಬಿಡಿ. ಕಚ್ಚಿಕೊಂಡ ದವಡೆ ಸಡಿಲಿಸಿ, ಒಂದು ಆಕಳಿಕೆ ತೆಗೆಯಿರಿ. ಮೂಗಿನಿಂದ ಹೊಟ್ಟೆ ಉಬ್ಬುವಂತೆ ಉಸಿರು ಒಳಗೆಳೆದು, ಅದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ನಿಮಿಷಕ್ಕೆ ಆರೇಳು ಉಸಿರಿಗೆ ಇಳಿದರೆ ಎದೆಬಡಿತ ಶಾಂತವಾಗುತ್ತದೆ, ಬಾಯಲ್ಲಿ ನೀರೂರುತ್ತದೆ. ಗ್ಲೋಬಸ್ ಇರುವವರು ಪದೇ ಪದೇ ಗಂಟಲು ಕೆರೆಯುವ ಅಭ್ಯಾಸವನ್ನು ಬಿಡಬೇಕು. ಕೆರೆದಾಗಲೆಲ್ಲ ಧ್ವನಿತಂತುಗಳು ಒಂದಕ್ಕೊಂದು ಉಜ್ಜಿ ಇನ್ನಷ್ಟು ಕಿರಿಕಿರಿ. ಕೆರೆಯಬೇಕೆನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ, ಇಲ್ಲವೇ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಒಂದು ಹಾಡು ಗುನುಗಿ. ರಾತ್ರಿಯ ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆಯ ಅಂತರವಿದ್ದರೆ ಹುಳಿತೇಗೂ ತಗ್ಗುತ್ತದೆ. ಇವು ಚಿಕಿತ್ಸೆಗೆ ಜೊತೆಯಾಗುವ ಅಭ್ಯಾಸಗಳು, ಚಿಕಿತ್ಸೆಯ ಜಾಗದಲ್ಲಿ ನಿಲ್ಲುವಂಥವಲ್ಲ.

ಉಣಿಸುವವರ ಒತ್ತಡದ ಬಗ್ಗೆ ಯಾರೂ ಬರೆಯುವುದಿಲ್ಲ. ಒಂದೊಂದು ಊಟಕ್ಕೂ ಮುಕ್ಕಾಲು ಗಂಟೆ, ಪ್ರತಿ ಕೆಮ್ಮಿಗೂ ಎದೆ ಧಸಕ್ಕೆನ್ನುವ ಹೆದರಿಕೆ. ಅತ್ತೆ ಮಾವನಿಗೆ ಉಣಿಸಿ, ಪಾತ್ರೆ ತೊಳೆದು, ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಣ್ಣಗಾದ ಅನ್ನ ಉಣ್ಣುತ್ತಿದ್ದರು. ದಿನಕ್ಕೆ ಒಂದು ಹೊತ್ತಿನ ಊಟವನ್ನಾದರೂ ಮಗನೋ ಸೊಸೆಯೋ ಪಕ್ಕದ ಮನೆಯವರೋ ವಹಿಸಿಕೊಂಡರೆ ಇಬ್ಬರಿಗೂ ಉಸಿರು. ಉಣಿಸುವವರ ಕೈ ನಡುಗುತ್ತಿದ್ದರೆ, ಅವಸರವಿದ್ದರೆ, ಉಣ್ಣುವವರಿಗೆ ಅದು ತಿಳಿದೇ ತಿಳಿಯುತ್ತದೆ. ಮನಸ್ಸು ತಡೆಯಲಾರದಷ್ಟು ಭಾರವಾದಾಗ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ರೋಗಿಗಳಷ್ಟೇ ಕರೆ ಮಾಡಬೇಕೆಂದೇನಿಲ್ಲ.

ನೆತ್ತಿಗೆ ಹತ್ತಿದಾಗ ನಾವು ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಂಡರು ಎನ್ನುತ್ತೇವೆ, ಓಡಿಹೋಗಿ ನೀರು ತರುತ್ತೇವೆ. ಜೋರಾಗಿ ಕೆಮ್ಮುತ್ತಿದ್ದರೆ ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಬೇಕು, ಆಗ ನೀರು ಕೊಡಬಾರದು. ಕೆಮ್ಮಲೂ ಆಗದೆ, ಮಾತೂ ಹೊರಡದೆ ಕೊರಳು ಹಿಡಿದುಕೊಂಡರೆ ಅದು ನಿಮಿಷಗಳ ಆಟ. ಮುಂದಕ್ಕೆ ಬಾಗಿಸಿ, ಎರಡು ಭುಜದ ಮೂಳೆಗಳ ನಡುವೆ ಅಂಗೈಯಿಂದ ಐದು ಬಲವಾದ ಪೆಟ್ಟು ಕೊಡಬೇಕು. ಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೆ ಮತ್ತು ಮೇಲಕ್ಕೆ ಐದು ಸಲ ಜೋರಾಗಿ ಒತ್ತಬೇಕು. ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮುಂದುವರಿಸುತ್ತಾ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ಮೇಲೆ ಒತ್ತಬೇಕು. ಹಸುಗೂಸಿಗೆ ಹೊಟ್ಟೆ ಒತ್ತುವಂತೆಯೇ ಇಲ್ಲ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಹಳ್ಳಿಯವರದ್ದು ಮಾತ್ರವಲ್ಲ. ಕಿವಿ, ಮೂಗು, ಗಂಟಲಿನ ವೈದ್ಯರು ಮೊದಲ ಬಾಗಿಲು. ಅವರು ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ ನುಂಗುವುದನ್ನು ನೇರವಾಗಿ ನೋಡಬಲ್ಲರು. ಬೇರಿಯಂ ಬೆರೆಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೊ ತೆಗೆಯುವ ಪರೀಕ್ಷೆಯೂ ಇದೆ, ತುತ್ತು ಯಾವ ಗಳಿಗೆಯಲ್ಲಿ ದಾರಿ ತಪ್ಪುತ್ತದೆ ಎಂದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಗಂಟಲಿನ ವ್ಯಾಯಾಮ ಹೇಳಿಕೊಡುವವರು ಸ್ಪೀಚ್ ಥೆರಪಿಸ್ಟ್‌ಗಳು. ಮಾತು ಕಲಿಸುವವರು ನುಂಗಲು ಏಕೆ ಕಲಿಸುತ್ತಾರೆ ಎಂದು ಹಲವರು ಕೇಳುತ್ತಾರೆ. ನಾಲಿಗೆ, ತುಟಿ, ಗಂಟಲು, ಧ್ವನಿಪೆಟ್ಟಿಗೆ ಎರಡಕ್ಕೂ ಒಂದೇ ಅಲ್ಲವೇ? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ವಿದ್ಯೆಯ ದೇಶದ ದೊಡ್ಡ ಶಾಲೆ, ಅಲ್ಲಿ ಚಿಕಿತ್ಸೆಯೂ ಸಿಗುತ್ತದೆ. ಹೋಗುವಾಗ ಒಂದು ಹಾಳೆಯಲ್ಲಿ ಯಾವ ಪದಾರ್ಥಕ್ಕೆ ಕೆಮ್ಮು ಬರುತ್ತದೆ, ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಊಟದ ಮೇಲೆ ದನಿ ನೀರು ತುಂಬಿದಂತೆ ಗುಳುಗುಳು ಎನ್ನುತ್ತದೆಯೇ, ತೂಕ ಎಷ್ಟು ಇಳಿದಿದೆ ಎಂದು ಬರೆದುಕೊಂಡು ಹೋದರೆ ಪರೀಕ್ಷಿಸುವವರಿಗೆ ದೊಡ್ಡ ಉಪಕಾರ.

ಕಾಸು ಖರ್ಚಿಲ್ಲದ ಒಂದು ಕೆಲಸ ಉಳಿದಿದೆ, ಬಾಯಿಯ ಶುಚಿ. ನ್ಯುಮೋನಿಯಾ ತರುವುದು ದಾರಿ ತಪ್ಪಿದ ಅನ್ನ ಮಾತ್ರವಲ್ಲ, ಅದರ ಜೊತೆ, ಎಂಜಲಿನ ಜೊತೆ ಇಳಿಯುವ ಬಾಯಿಯ ರೋಗಾಣುಗಳು. ಜಪಾನಿನ ವೃದ್ಧರ ಆರೈಕೆ ಕೇಂದ್ರಗಳಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಪ್ರತಿ ಊಟದ ನಂತರ ಹಲ್ಲುಜ್ಜಿಸಿದವರಲ್ಲಿ ನ್ಯುಮೋನಿಯಾ ಕಡಿಮೆಯಾದದ್ದು ಕಂಡುಬಂತು. ನಮ್ಮಲ್ಲಿ ನಳಿಕೆಯಿಂದ ಆಹಾರ ಪಡೆಯುವವರ ಬಾಯಿಯನ್ನು, ಊಟವನ್ನೇ ಮಾಡುತ್ತಿಲ್ಲವಲ್ಲ ಎಂದು, ದಿನಗಟ್ಟಲೆ ಹಾಗೇ ಬಿಡುತ್ತಾರೆ. ಅವರಿಗೇ ಇದು ಹೆಚ್ಚು ಬೇಕು. ತಲೆದೆಸೆ ಎತ್ತರಿಸಿ, ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಮೆದು ಬ್ರಷ್ಷನ್ನು ಒದ್ದೆ ಮಾಡಿ ಚೆನ್ನಾಗಿ ಒದರಿ, ಹಲ್ಲು, ವಸಡು, ನಾಲಿಗೆ ಎಲ್ಲ ಉಜ್ಜಬೇಕು. ಕೃತಕ ದಂತಪಂಕ್ತಿ ಇದ್ದರೆ ರಾತ್ರಿ ತೆಗೆದಿಡಬೇಕು. ಬಾಯಿ ಮುಕ್ಕಳಿಸಲಾಗದವರಿಗೆ ನೀರು ಹಾಕುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ತುಟಿಗೆ ಸ್ವಲ್ಪ ವ್ಯಾಸಲೀನ್ ಸವರಿ.